ಯೂರಿಕ್ ಆಮ್ಲದ ಮೂಲ

ಬಾಗಲಕೋಟೆ, ಹುನಗುಂದ, ಇಳಕಲ್ಲ ಕಡೆಗಳಲ್ಲಿ ಕೀಲುಬೇನೆ ಬಂದೊಡನೆ ರೊಟ್ಟಿಯ ಜೊತೆಯ ಕಾಳುಪಲ್ಯವನ್ನು ತ್ಯಜಿಸುವವರನ್ನು ಕಾಣುತ್ತೇವೆ. ಇತಿಹಾಸದ ಪಾಠ ಹೇಳುವ ನಾವು ರಸಾಯನಶಾಸ್ತ್ರದ ಮಾತೆತ್ತಲು ಕಾರಣ ಇದೇ.

ಸ್ವೀಡನ್ನಿನ ಷೀಲೆಯು 1776ರಲ್ಲಿ ಮೂತ್ರಕೋಶದ ಕಲ್ಲಿನಲ್ಲಿ ಯೂರಿಕ್ ಆಮ್ಲವನ್ನು ಕಂಡನು. ಅದು ಆಹಾರದಿಂದ ಮಾತ್ರ ಹುಟ್ಟುವುದಲ್ಲ. ನಮ್ಮ ಜೀವಕೋಶಗಳ ಆರ್‌.ಎನ್‌.ಎ. ಸದಾ ಸವೆದು ನ್ಯೂಕ್ಲಿಯೋಟೈಡುಗಳಾಗಿ ಒಡೆಯುತ್ತದೆ. ಅವುಗಳಲ್ಲಿ ಬಹುಭಾಗವನ್ನು ದೇಹವು ಮರಳಿ ಬಳಸುತ್ತದೆ. ಉಳಿದವುಗಳಿಂದ ಫಾಸ್ಫೇಟೂ ರೈಬೋಸ್ ಸಕ್ಕರೆಯೂ ಕಳಚುತ್ತವೆ. ಆ ಬಳಿಕ ಪ್ರತ್ಯಾಮ್ಲಗಳ ಗತಿ ಒಂದೇ ಅಲ್ಲ. ಸೈಟೋಸಿನ್ ಯುರಾಸಿಲ್ ಆಗಿ, ಅದರ ಉಂಗುರವೇ ಮುರಿದು, ಸುಲಭವಾಗಿ ಕರಗುವ ಬೀಟಾ-ಅಲನೈನ್ ಮೊದಲಾದವು ದೊರೆಯುತ್ತವೆ. ಅಡೆನಿನ್, ಗ್ವಾನಿನ್‌ಗಳಾದರೋ ಕ್ಸಾಂಥೀನ್ ಎಂಬ ಘಟ್ಟವನ್ನು ದಾಟಿ ಯೂರಿಕ್ ಆಮ್ಲವಾಗಿ ನಿಂತುಬಿಡುತ್ತವೆ. ಅದನ್ನು ಮುಂದಕ್ಕೆ ಒಡೆಯುವ ಕಿಣ್ವವು ಬಹುತೇಕ ಸಸ್ತನಿಗಳಲ್ಲಿದೆ. ಮಾನವನ ಪೂರ್ವಜರು ಅದನ್ನು ಕಳೆದುಕೊಂಡರು. ಮೂತ್ರಪಿಂಡಗಳು ಸಾಕಷ್ಟು ಹೊರಹಾಕದಿದ್ದರೆ ಅದರ ಲವಣವು ಕೀಲುಗಳಲ್ಲಿ ಹರಳುಗಟ್ಟಿ ವಾತರಕ್ತವೆಂಬ ವೇದನೆ ತಲೆದೋರುತ್ತದೆ. ಹಿಚಿಂಗ್ಸ್, ಎಲಿಯನ್ ಅವರ ಅಲೋಪ್ಯೂರಿನಾಲ್ ಔಷಧವು ಕ್ಸಾಂಥೀನಿನ ಘಟ್ಟದಲ್ಲಿಯೇ ಈ ಕ್ರಿಯೆಯನ್ನು ತಡೆಯುತ್ತದೆ.

ಇನ್ನು ಕಾಳಿನ ಮಾತು. ಅಮೆರಿಕೆಯ 47,150 ಪುರುಷರನ್ನು 12 ವರ್ಷ ಗಮನಿಸಿದ, 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾಂಸ, ಮೀನುಗಳಿಂದ ವಾತರಕ್ತದ ಸಂಭವ ಹೆಚ್ಚಿತು, ಬೇಳೆ-ಕಾಳುಗಳಿಂದ ಹೆಚ್ಚಲಿಲ್ಲ.