‘ಇದೆಲ್ಲ ಫಾರಿನ್ನಿಂದ ಬಂದಿದ್ದು ಕಣ್ರೀ!’

ಗೇ ಅನ್ನೋ ಪದ ಮಾತಿನ ಮಧ್ಯೆ ಬಂದರೆ ಸಾಕು, ಒಂದು ಡೈಲಾಗ್ ಗ್ಯಾರಂಟಿ: ‘ಇದೆಲ್ಲ ಫಾರಿನ್ನಿಂದ ಬಂದಿದ್ದು ಕಣ್ರೀ, ನಮ್ಮಲ್ಲಿ ಇರಲಿಲ್ಲ.’ ಮದುವೆ ಮನೆಗಳಲ್ಲಿ ಮಾವಂದಿರು ಹೇಳ್ತಾರೆ, ಇರಲಿ. ಆಫೀಸಿನ ಕೆಫೆಟೇರಿಯಾದಲ್ಲಿ ನನ್ನದೇ ವಯಸ್ಸಿನ ಇಂಜಿನಿಯರುಗಳೂ ಹೇಳ್ತಾರಲ್ಲ, ಅದು ಆಶ್ಚರ್ಯ.

ಫಾರಿನ್ನಿಂದ ಬಂದದ್ದು ಒಂದಿದೆ, ನಿಜ. ಸೆಕ್ಷನ್ 377. 1860ರಲ್ಲಿ ಬ್ರಿಟಿಷರು ಮಾಡಿದ ದಂಡಸಂಹಿತೆಯಲ್ಲಿ ‘ಪ್ರಕೃತಿ ನಿಯಮಕ್ಕೆ ವಿರುದ್ಧ’ ಎಂಬ ನೆಪದಲ್ಲಿ ಜೀವಾವಧಿವರೆಗೂ ಶಿಕ್ಷೆ ಇತ್ತು. ಇಂಗ್ಲೆಂಡ್ 1967ರಲ್ಲೇ ತನ್ನ ಕಾನೂನು ಸಡಿಲಿಸಿಕೊಂಡಿತು. ನಾವು ಮಾತ್ರ ಜೋಪಾನ ಮಾಡಿದೆವು! 2009ರಲ್ಲಿ ದೆಹಲಿ ಹೈಕೋರ್ಟ್ ಅದರ ಹಲ್ಲು ಕಿತ್ತಿತು, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಕೂರಿಸಿತು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಅಂತ ಅದೇ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು.

‘ಇಂಗ್ಲಿಷ್ ಮಾತಾಡೋ ಸಿಟಿ ಹುಡುಗರ ಶೋಕಿ’ ಅನ್ನೋರು ವಸುಧೇಂದ್ರರ ‘ಮೋಹನಸ್ವಾಮಿ’ ಕಥೆಗಳನ್ನು ಓದಬೇಕು. ಬರೆದವರು ಸಂಡೂರಿನವರು, ನಮ್ಮ ಹಾಗೇ ಸಾಫ್ಟ್‌ವೇರ್‌ನಲ್ಲಿ ದುಡಿದವರು.

ಹಾಗಂತ ಎಲ್ಲವನ್ನೂ ಬ್ರಿಟಿಷರ ತಲೆಗೆ ಕಟ್ಟಿ ಕೈತೊಳೆದುಕೊಳ್ಳೋದು ನನಗೆ ಒಪ್ಪಿಗೆಯಿಲ್ಲ. ನನ್ನ ಟೀಮಿನ ಹುಡುಗನೊಬ್ಬ (ಅವನನ್ನು ಕೇಳಿಯೇ ಬರೀತಿದ್ದೀನಿ) ಹೋದ ವರ್ಷ ಮನೆಯಲ್ಲಿ ವಿಷಯ ಹೇಳಿದ. ಅವನಮ್ಮ ಸೆಕ್ಷನ್ ನಂಬರ್ ಕೇಳಲಿಲ್ಲ, ಶಾಸ್ತ್ರ ಪುರಾಣವನ್ನೂ ಎತ್ತಲಿಲ್ಲ. ‘ನಿನ್ನ ತಂಗಿಗೆ ಗಂಡು ಸಿಗುತ್ತೇನೋ? ಜನ ಏನಂತಾರೆ?’ ಅಂದರು. ಮೂರು ದಿನ ಅತ್ತರು. ನಾಲ್ಕನೇ ದಿನ ಪರಿಹಾರ ಸಿಕ್ಕಿತು: ‘ಒಂದು ಮದುವೆ ಅಂತ ಆದರೆ ಎಲ್ಲ ಸರಿಹೋಗತ್ತೆ.’

ಪೂರ್ವಗ್ರಹದ ಬೇರು ಇಲ್ಲಿದೆ ಅಂತ ನನಗನ್ನಿಸೋದು. ಆ ತಾಯಿಗೆ ಮಗನ ಮೇಲೆ ದ್ವೇಷವಿಲ್ಲ, ಊಟ ಮಾಡಿದೆಯಾ ಅಂತ ಇವತ್ತಿಗೂ ದಿನಾ ಫೋನ್ ಮಾಡ್ತಾರೆ. ಅವರಿಗಿರೋದು ಬೀದಿಯ ಭಯ, ಬೀಗರ ಭಯ. ಹೆಣ್ಣಿಗನಂತೆ ನಡೆಯುವವನನ್ನು ತೆರೆಯ ಮೇಲೆ ನೋಡಿ ಮನೆಮಂದಿಯೆಲ್ಲ ನಕ್ಕಿದ್ದು ಅವರಿಗೂ ನೆನಪಿದೆ. ಆ ನಗು ತಮ್ಮ ಮನೆ ಕಡೆ ತಿರುಗಬಾರದು, ಅಷ್ಟೇ.

ಆದರೆ ಲೆಕ್ಕ ನೋಡಿ. ಅವನು ಪ್ರೀತಿಸೋ ಹುಡುಗನ ಜೊತೆ ಮದುವೆಗೆ ಕಾನೂನಿನ ಮಾನ್ಯತೆ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂಸತ್ತಿಗೆ ಬಿಟ್ಟಿತು. ಏನೂ ಗೊತ್ತಿಲ್ಲದ ಒಂದು ಹುಡುಗಿಗೆ ಅವನನ್ನು ಗಂಟುಹಾಕೋಕೆ ಮಾತ್ರ ಯಾರ ಅಡ್ಡಿಯೂ ಇಲ್ಲ. ಛತ್ರ ಕೂಡ ಸಿಗುತ್ತೆ.

ಮನೆಯವರು ಜಾತಕ ಹೊರಡಿಸಿದ್ದಾರೆ. ಬರೋ ಭಾನುವಾರ ಹಾಸನಕ್ಕೆ ಹೆಣ್ಣು ನೋಡೋಕೆ ಹೊರಟಿದ್ದಾರೆ. ‘ಐದು ನಿಮಿಷ ಅವಳೊಬ್ಬಳ ಜೊತೆ ಮಾತಾಡೋಕೆ ಬಿಟ್ಟರೆ ಹೇಳಿಬಿಡ್ತೀನಿ’ ಅಂದಿದ್ದಾನೆ.