ಕಾಡಿನ ಹಡ್ಲು, ಕಬಿನಿಯ ಹಿನ್ನೀರು

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ತಾಲ್ಲೂಕುಗಳಿಂದ ಕೊಡಗಿನವರೆಗೆ ಹಬ್ಬಿರುವ ನಾಗರಹೊಳೆ ಕಾಡಿನಲ್ಲಿ ಅಲ್ಲಲ್ಲಿ ಮರಗಳು ಸರಿದು ಹುಲ್ಲು ತುಂಬಿದ ತಗ್ಗು ಕಾಣಿಸುತ್ತದೆ. ಇದಕ್ಕೆ ಹಡ್ಲು ಎನ್ನುತ್ತಾರೆ. ಸುತ್ತಲಿನ ದಿಬ್ಬಗಳ ನೀರು ಇಳಿದು ನಿಲ್ಲುವುದರಿಂದ ನೆಲ ಜೌಗು. ಅಲ್ಲಿ ಮರ ಬೇರೂರುವುದು ಕಷ್ಟ, ಹುಲ್ಲು ಮಾತ್ರ ಸೊಂಪು. ಸುತ್ತಲ ಕಾಡು ಒಣಗಿದಾಗಲೂ ಹಡ್ಲಿನಲ್ಲಿ ಹಸಿರು ಉಳಿಯುತ್ತದೆ. ಜಿಂಕೆ, ಕಾಟಿ, ಆನೆಗಳು ಅದನ್ನರಸಿ ಬಂದರೆ, ಅವುಗಳ ಬೆನ್ನಿಗೆ ಹುಲಿಯೂ ಬರುತ್ತದೆ.

1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಇದೇ ಬಗೆಯ, ಆದರೆ ಬಹು ದೊಡ್ಡ ಹುಲ್ಲುಗಾವಲೊಂದು ಹುಟ್ಟಿಕೊಂಡಿತು. ಮಳೆಗಾಲದಲ್ಲಿ ತುಂಬಿದ ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ಬಯಲಾದ ಕೆಸರಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ನಾಗರಹೊಳೆ, ಬಂಡೀಪುರ ಎರಡೂ ಕಡೆಯ ಆನೆಗಳು ಆಗ ಇಲ್ಲಿ ಸೇರುತ್ತವೆ.

ಪ್ರವಾಸಿಗರಿಗೆ ಈ ಕಾಡಿನಲ್ಲಿ ನಡೆದಾಡಲು ಅವಕಾಶವಿಲ್ಲ. ಸಫಾರಿ ವಾಹನ ಅಥವಾ ದೋಣಿಯಲ್ಲೇ ನೋಡಬೇಕು. ನಡೆಯುವವರು ಗಸ್ತಿನ ಅರಣ್ಯ ಸಿಬ್ಬಂದಿ ಮತ್ತು ಪ್ರಾಣಿಗಳ ಎಣಿಕೆಗೆ ಬರುವವರು. ಉಲ್ಲಾಸ ಕಾರಂತರು 1986ರಲ್ಲಿ ಇಲ್ಲಿ ಅಧ್ಯಯನ ಆರಂಭಿಸಿದರು. ನೇರ ಕಾಲುದಾರಿಗಳಲ್ಲಿ ಸದ್ದಿಲ್ಲದೆ ನಡೆದು, ಕಂಡ ಪ್ರಾಣಿಯ ದೂರ, ಸಂಖ್ಯೆಗಳನ್ನು ಬರೆದುಕೊಳ್ಳುವ ಪದ್ಧತಿ ಇಲ್ಲಿ ಬೆಳೆಯಿತು.

ಹಡ್ಲಿನ ನೀರು ಮಳೆಯ ಲೆಕ್ಕ. ಹಿನ್ನೀರಿನದು ತೂಬಿನ ಲೆಕ್ಕ. ಅದೇ ನೀರನ್ನು ಕೆಳಗಿನ ಗದ್ದೆಗಳೂ ಊರುಗಳೂ ನಂಬಿವೆ. ಆನೆಗಳು ಮೇಯುವ ಆ ಬಯಲಿನಲ್ಲಿ, ಅಣೆಕಟ್ಟಿಗಾಗಿ ಒಕ್ಕಲೆದ್ದ ಜನರ ಹೊಲಗಳೂ ಇದ್ದವೆಂಬುದನ್ನು ಮರೆಯಲಾಗದು.