ಆಪತ್ತಿಗೆ ಎಷ್ಟು ಕೂಡಿಡಬೇಕು?

ಆಪತ್ಕಾಲಕ್ಕೆಂದು ಮನೆಯಲ್ಲಿ ಎಷ್ಟು ಹಣ ಇರಬೇಕು? ಹಣಕಾಸಿನ ಪಂಡಿತರು ಇದಕ್ಕೆ ಸಿದ್ಧ ಉತ್ತರ ಕೊಡುತ್ತಾರೆ: ಮೂರರಿಂದ ಆರು ತಿಂಗಳ ಖರ್ಚು. ತಿಂಗಳು ತಿಂಗಳು ಸಂಬಳ ಎಣಿಸುವ ನಮ್ಮಂಥ ಅಧ್ಯಾಪಕರಿಗೆ ಈ ಲೆಕ್ಕ ಸರಿ. ಆದರೆ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಹಲವು ಅಡಿಕೆಯನ್ನು ನಂಬಿವೆ, ಕೆಲವು ಬೀಡಿಯನ್ನು, ಇನ್ನು ಕೆಲವು ಗಲ್ಫಿನಿಂದ ಬರುವ ಹಣವನ್ನು. ಇವರೆಲ್ಲರನ್ನೂ ಒಂದೇ ಸೇರಿನಲ್ಲಿ ಅಳೆಯಲಾಗದು.

ಖರ್ಚು ಎಂದರೆ ಯಾವುದು? ಅಕ್ಕಿ ಸಾಮಾನು, ಕರೆಂಟು, ಗ್ಯಾಸು, ಹಿರಿಯರ ಔಷಧ, ಮಕ್ಕಳ ಬಸ್ಸಿನ ದುಡ್ಡು, ಸಾಲದ ಕಂತು, ಇಷ್ಟೇ. ಮದುವೆ, ಗೃಹಪ್ರವೇಶ, ಕೋಲದ ವಂತಿಗೆ ಇವು ಆಪತ್ತುಗಳಲ್ಲ, ಮೊದಲೇ ಗೊತ್ತಿರುವ ಖರ್ಚುಗಳು. (ವಂತಿಗೆಗೆ ಬಂದವರೆದುರು ಹೀಗೆ ಹೇಳುವ ಧೈರ್ಯ ನಮಗೂ ಇಲ್ಲ.) ಐದು ಜನರ ಮನೆಗೆ ತಿಂಗಳಿಗೆ 15,000 ರೂಪಾಯಿ ಬೇಕೆಂದು ಇಟ್ಟುಕೊಳ್ಳೋಣ. ಸಂಬಳದವರಿಗೆ ಮೂರು ತಿಂಗಳ 45,000 ಸಾಕು.

ಅಡಿಕೆಯವರ ವಿಷಯ ಬೇರೆ. ಮಳೆಗಾಲಕ್ಕೆ ಮುನ್ನ ಬೋರ್ಡೋ ದ್ರಾವಣ ಸಿಂಪಡಿಸಿ, 40-45 ದಿನ ಕಳೆದು ಇನ್ನೊಮ್ಮೆ ಸಿಂಪಡಿಸಬೇಕು. ಮಳೆ ಬಿಡುವು ಕೊಡದಿದ್ದರೆ, ಮರ ಹತ್ತುವವರು ಸಿಗದಿದ್ದರೆ ಕೊಳೆರೋಗ ಎಳೆಕಾಯಿಗಳನ್ನು ಉದುರಿಸುತ್ತದೆ. ಜುಲೈಯಲ್ಲಿ ಉದುರಿದ್ದರ ನಷ್ಟ ಕೈಗೆ ತಟ್ಟುವುದು ಮುಂದಿನ ಬೇಸಗೆಗೆ. ಅಲ್ಲಿಂದ ಮತ್ತೊಂದು ಫಸಲಿಗೆ ಒಂದು ವರ್ಷ ಕಾಯಬೇಕು. ಆದುದರಿಂದ ಅಡಿಕೆ ಮನೆಗೆ 12 ತಿಂಗಳ ಖರ್ಚು, ಅಂದರೆ 1,80,000 ಇರಬೇಕೆಂಬುದು ನಮ್ಮ ಅಭಿಪ್ರಾಯ. "ಅಟ್ಟದಲ್ಲಿ ಚಾಲಿ ಉಂಟಲ್ಲ ಮಾಸ್ಟ್ರೇ" ಎನ್ನುವವರಿದ್ದಾರೆ. ಉಂಟು, ಹಳೆ ಅಡಿಕೆಗೆ ಹೆಚ್ಚಿನ ಧಾರಣೆಯೂ ಉಂಟು. ಆದರೆ ಧಾರಣೆ ಕುಸಿದು ಬೆಳೆಗಾರರು ಕಂಗಾಲಾದದ್ದರಿಂದಲೇ 1973ರಲ್ಲಿ ಕ್ಯಾಂಪ್ಕೋ ಹುಟ್ಟಿತೆಂಬುದನ್ನು ಮರೆಯಬಾರದು. ಅಟ್ಟದ ಅಡಿಕೆಯನ್ನು ನಾವು ಪೇಟೆ ಧಾರಣೆಯ ಅರ್ಧಕ್ಕಷ್ಟೇ ಲೆಕ್ಕ ಹಿಡಿಯುತ್ತೇವೆ.

ಬೀಡಿ ಕಟ್ಟುವ ಮನೆಯಲ್ಲಿ ಇಂಥ ಮೊತ್ತ ಹೇಳಿದರೆ ನಗುತ್ತಾರೆ. ಅವರು ಮೊದಲು ಒಂದು ಸಲ ಆಸ್ಪತ್ರೆಗೆ ಓಡುವಷ್ಟು ಹಣ ಮಾಡಿಕೊಳ್ಳಲಿ. ಕುಟುಂಬಶ್ರೀ ಕೂಟದ ವಾರದ ಉಳಿತಾಯದಿಂದಲೇ ಅದು ಆರಂಭವಾಗಬಹುದು.

ಈ ಆಸ್ಪತ್ರೆಯ ಹಣವನ್ನು ಯಾರೇ ಆಗಲಿ ಬೇರೆಯೇ ಇಡಬೇಕು. ನಮ್ಮವರಿಗೆ ದೊಡ್ಡ ಕಾಯಿಲೆ ಎಂದರೆ ಮಂಗಳೂರು. 2020ರ ಮಾರ್ಚಿಯಲ್ಲಿ ಕೊರೋನಾ ನೆಪದಲ್ಲಿ ಕರ್ನಾಟಕವು ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ, ತಲಪಾಡಿ ದಾಟಲಾಗದೆ ರೋಗಿಗಳು ಪ್ರಾಣ ಬಿಟ್ಟರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಆದೇಶಿಸಬೇಕಾಯಿತು. ದುಡ್ಡು ರಸ್ತೆ ತೆರೆಯಲಾರದು, ನಿಜ. ಆದರೆ ಮಂಗಳೂರು ತಪ್ಪಿದರೆ ಪರಿಯಾರಕ್ಕೋ ಕೋಝಿಕ್ಕೋಡಿಗೋ ಹೋಗುವ ವಾಹನದ ಬಾಡಿಗೆ ಮತ್ತು ಅಲ್ಲಿ ನಿಲ್ಲುವ ಖರ್ಚು ಕೈಯಲ್ಲಿರಬೇಕು. ಕೇರಳದ ಆರೋಗ್ಯ ಕಾರ್ಡು ಗಡಿಯಾಚೆಯ ಆಸ್ಪತ್ರೆಯಲ್ಲಿ ನಡೆಯುವುದೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಕೊಳ್ಳುವುದು ಲೇಸು.

ಇಡುವುದೆಲ್ಲಿ? ಪೆಟ್ಟಿಗೆಯಲ್ಲಿಟ್ಟ 500, 1,000ದ ನೋಟುಗಳು 2016ರ ನವೆಂಬರ್ 8ರ ರಾತ್ರಿ ಏನಾದುವೆಂದು ಎಲ್ಲರಿಗೂ ಗೊತ್ತು. ಆ ದಿನಗಳಲ್ಲಿ ಊರಿನ ಸಹಕಾರಿ ಬ್ಯಾಂಕುಗಳಲ್ಲಿ ಠೇವಣಿ ಇದ್ದವರೂ ಪರದಾಡಿದರು. ಬ್ಯಾಂಕ್ ಠೇವಣಿಗೆ 2020ರಿಂದ 5 ಲಕ್ಷದವರೆಗೆ ಇರುವ ಕೇಂದ್ರದ ವಿಮೆಯು ಪ್ರಾಥಮಿಕ ಸಹಕಾರಿ ಸಂಘಗಳಿಗೆ ಅನ್ವಯಿಸುವುದಿಲ್ಲ. ಸಹಕಾರಿ ಸಂಘ ಬಿಡಿ ಎನ್ನುತ್ತಿಲ್ಲ, ಎಲ್ಲವನ್ನೂ ಅಲ್ಲೇ ಇಡಬೇಡಿ. ಚಿಟ್ಟಿಯನ್ನಂತೂ ಆಪದ್ಧನವೆಂದು ಎಣಿಸಲೇಬಾರದು. ಕೂಗಿ ಹಿಡಿದರೂ ಜಾಮೀನು ಕೊಟ್ಟ ಮೇಲೆಯೇ ಹಣ. ರಾತ್ರಿ ಹತ್ತಕ್ಕೆ ಎದೆನೋವು ಬಂದವನಿಗೆ ಅದರಿಂದೇನು?

ಇನ್ನೊಂದು ಮಾತು. ಖಾತೆ ಯಜಮಾನರ ಹೆಸರಿನಲ್ಲೇ ಇದ್ದು, ಹಾಸಿಗೆ ಹಿಡಿದವರು ಅವರೇ ಆದರೆ, ಹಣವಿದ್ದೂ ಮನೆಯವರು ನೆರೆಕರೆಯಲ್ಲಿ ಕೈಸಾಲ ಕೇಳಬೇಕು. ಗಂಡ ಹೆಂಡಿರಲ್ಲಿ ಯಾರೊಬ್ಬರ ಸಹಿಯಿಂದಲೂ ತೆಗೆಯಬಹುದಾದ ಜಂಟಿ ಖಾತೆ ಮಾಡಿಸಿ, ಪಾಸ್‌ಬುಕ್ಕು ಎಲ್ಲಿದೆ ಎಂದು ಇಬ್ಬರಿಗೂ ತಿಳಿದಿರಲಿ.